ಜ್ವಾಲಾಮುಖಿಯ ಸೆರಗಿನ ಅಂಚಿನಲ್ಲಿ ನಿಮ್ಮ ಬಾವಿ

ಪ್ರಶ್ನೆ: ಸರ್, ನಮ್ಮದು ಚಿಂಚೋಳಿ ತಾಲ್ಲೂಕು. ಹೋದ ಬೇಸಿಗೆಯಲ್ಲಿ ಹೊಲದಲ್ಲಿ ಬಾವಿ ತೋಡಿಸಿದೆವು. ಮೇಲೆ ಎರೆಮಣ್ಣು, ಅದರ ಕೆಳಗೆ ಮೊರಂ, ಆಮೇಲೆ ಕರಿಕಲ್ಲು ಬಂತು. ಕಲ್ಲಿನೊಳಗೆ ಅಲ್ಲಲ್ಲಿ ಬಿಳಿ ಹರಳು. 30 ಅಡಿ ಹತ್ತಿರ ಒಂದು ಕೆಂಪು ಮಣ್ಣಿನ ಪಟ್ಟಿ, ಅದರ ಕೆಳಗೆ ಮತ್ತೆ ಕರಿಕಲ್ಲು. ಇದೆಲ್ಲ ಜ್ವಾಲಾಮುಖಿಯ ಕಲ್ಲು ಅಂತ ಊರಿನ ಮಾಸ್ತರರೊಬ್ಬರು ಹೇಳಿದರು. ಎಂಟನೇ ತರಗತಿ ಓದುವ ನನ್ನ ಮಗಳು ಫೋನಿನಲ್ಲಿ ಆಫ್ರಿಕಾದ ಕೀನ್ಯಾ ಬೆಟ್ಟ ನೋಡಿ, "ಅದು ಸವೆದುಹೋದ ಹಳೇ ಜ್ವಾಲಾಮುಖಿಯಂತೆ, ನಮ್ಮ ಬೆಟ್ಟ ಎಲ್ಲಿದೆ?" ಅಂತ ಕೇಳುತ್ತಾಳೆ. ನಮ್ಮ ಕಡೆ ಆಗಾಗ ನೆಲ ನಡುಗುತ್ತದೆ. ಆ ಜ್ವಾಲಾಮುಖಿ ಮತ್ತೆ ಏಳುತ್ತದೆಯಾ? ಮಗಳು ಡಬ್ಬಿಯಲ್ಲಿ ಕೂಡಿಟ್ಟ ಹರಳುಗಳು ಏನು?

ಉತ್ತರ: ನಿಮ್ಮ ಊರಿನ ಮಾಸ್ತರರು ಹೇಳಿದ್ದು ಸರಿ. ನಿಮ್ಮ ಬಾವಿಯ ಕರಿಕಲ್ಲು ಒಂದು ಕಾಲದಲ್ಲಿ ಕೆಂಪಗೆ ಕಾದು ಹರಿದ ಲಾವಾ. ನಿಮ್ಮ ಮಗಳ ಪ್ರಶ್ನೆಯೂ ಸರಿಯಾಗಿದೆ. ಲಾವಾ ಇದ್ದ ಮೇಲೆ ಅದು ಬಂದ ಬಾಯಿ ಎಲ್ಲೋ ಇರಬೇಕಲ್ವಾ? ಈ ಪ್ರಶ್ನೆಯನ್ನು ಅವಳು ಬಿಡಬಾರದು. ಅದಕ್ಕೇ ಸ್ವಲ್ಪ ಉದ್ದಕ್ಕೆ ಬರೆಯುತ್ತಿದ್ದೇನೆ.

ಮೊದಲು ಅವಳು ನೋಡಿದ ಕೀನ್ಯಾ ಬೆಟ್ಟದ ವಿಷಯ. ಅದು ಸುಮಾರು 30 ಲಕ್ಷ ವರ್ಷ ಹಿಂದೆ ಉರಿಯುತ್ತಿದ್ದ ಜ್ವಾಲಾಮುಖಿ. ಒಂದೇ ಬಾಯಿಂದ ಲಾವಾ, ಬೂದಿ ಉಕ್ಕಿ ಉಕ್ಕಿ ಸುತ್ತಲೂ ಬಿದ್ದು, ರಾಶಿ ಹಾಕಿದ ಜೋಳದ ಹಾಗೆ ಗೋಪುರದಂಥ ಬೆಟ್ಟ ಎದ್ದಿತು. ಆಗ ಅದು 6,000 ಮೀಟರ್‌ಗಿಂತ ಎತ್ತರ ಇದ್ದಿರಬೇಕು ಎನ್ನುತ್ತಾರೆ. ಈಗ 5,199 ಮೀಟರ್. ಮಳೆ ಮತ್ತು ಹಿಮನದಿಗಳು ಮೇಲಿನ ಬಾಯಿಯನ್ನೇ ಕೊರೆದು ಹಾಕಿವೆ. ಇವತ್ತು ತುದಿಯಲ್ಲಿ ಚೂಪಾಗಿ ನಿಂತಿರುವ ಬಂಡೆಗಳಿವೆಯಲ್ಲ, ಬಟಿಯಾನ್, ನೆಲಿಯಾನ್ ಅಂತ ಅವುಗಳ ಹೆಸರು. ಅವು ಬೆಟ್ಟದ ಗಂಟಲಲ್ಲೇ ಸಿಕ್ಕಿಕೊಂಡು ತಣ್ಣಗಾದ ಕಲ್ಲು. ಸುತ್ತಲಿನ ಮೆತ್ತಗಿನದು ಕರಗಿ ಹೋಯಿತು, ಗಟ್ಟಿಯಾದ ಗಂಟಲು ಉಳಿಯಿತು.

ನಮ್ಮದು ಬೇರೆ ಜಾತಿಯ ಜ್ವಾಲಾಮುಖಿ. ಅದಕ್ಕೆ ಗೋಪುರ ಯಾವತ್ತೂ ಇರಲಿಲ್ಲ. ಸುಮಾರು 6.6 ಕೋಟಿ ವರ್ಷ ಹಿಂದೆ ನೆಲದಲ್ಲಿ ಉದ್ದುದ್ದ ಬಿರುಕುಗಳು ಬಿಟ್ಟವು. ಆ ಬಿರುಕುಗಳ ಉದ್ದಕ್ಕೂ ಲಾವಾ ಉಕ್ಕಿ ನಾಲ್ಕೂ ಕಡೆ ಹರಿಯಿತು. ಈ ಲಾವಾ ನೀರಿನಷ್ಟಲ್ಲದಿದ್ದರೂ ತೆಳುವಾಗಿತ್ತು. ಹಾಗಾಗಿ ಬಾಯಿಯ ಹತ್ತಿರ ರಾಶಿ ಬೀಳದೆ ಅಂಗಳ ಸಾರಿಸಿದ ಹಾಗೆ ಹರಡಿಕೊಂಡಿತು. ತಗ್ಗುಗಳನ್ನು ತುಂಬಿತು, ದಿಬ್ಬಗಳನ್ನು ಮುಚ್ಚಿತು. ಒಂದು ಪದರ ತಣ್ಣಗಾದ ಮೇಲೆ ಅದರ ಮೇಲೆ ಇನ್ನೊಂದು, ಅದರ ಮೇಲೆ ಮತ್ತೊಂದು. ರೊಟ್ಟಿ ಒಟ್ಟಿದ ಹಾಗೆ. ಇದನ್ನು ದಖ್ಖನ್ ಟ್ರ್ಯಾಪ್ ಅನ್ನುತ್ತಾರೆ. ಟ್ರ್ಯಾಪ್ ಅಂದರೆ ಬಲೆ ಅಲ್ಲ, ಸ್ವೀಡನ್ ಭಾಷೆಯಲ್ಲಿ ಮೆಟ್ಟಿಲು. ಸಹ್ಯಾದ್ರಿಯಲ್ಲಿ ಮಹಾಬಳೇಶ್ವರದ ಕಡೆ ಹೋದರೆ ಬೆಟ್ಟದ ಬದಿ ನಿಜಕ್ಕೂ ಮೆಟ್ಟಿಲು ಮೆಟ್ಟಿಲಾಗಿ ಕಾಣುತ್ತದೆ. ಒಂದೊಂದು ಮೆಟ್ಟಿಲೂ ಒಂದೊಂದು ಲಾವಾ ಹರಿವು.

ಬಿರುಕಿನಿಂದ ಲಾವಾ ಉಕ್ಕುವುದನ್ನು ಮನುಷ್ಯರು ಕಣ್ಣಾರೆ ನೋಡಿದ್ದಾರೆ. 1783ರಲ್ಲಿ ಐಸ್‌ಲ್ಯಾಂಡ್ ದೇಶದ ಲಾಕಿ ಎಂಬಲ್ಲಿ ನೆಲ ಸುಮಾರು 27 ಕಿಲೋಮೀಟರ್ ಉದ್ದಕ್ಕೆ ಸೀಳಿತು. ಎಂಟು ತಿಂಗಳು ಲಾವಾ ಬಂತು. ಒಟ್ಟು 14 ಘನ ಕಿಲೋಮೀಟರ್‌ಗೂ ಜಾಸ್ತಿ. ಅದರ ಹೊಗೆಗೆ ಹುಲ್ಲು ವಿಷವಾಗಿ ದನಕುರಿ ಸತ್ತವು, ಆಮೇಲೆ ಬರ ಬಂದು ಜನ ಸತ್ತರು. ನಮ್ಮ ದಖ್ಖನ್‌ನಲ್ಲಿ ಒಂದೊಂದು ದೊಡ್ಡ ಹರಿವೇ ಇದರ ನೂರು ಪಟ್ಟಿಗಿಂತ ಹೆಚ್ಚು. ಒಟ್ಟು ಲಾವಾ ಐದು ಲಕ್ಷ ಘನ ಕಿಲೋಮೀಟರ್‌ಗೂ ಮೀರಿದ್ದು. ಸವೆದು ಉಳಿದದ್ದೇ ಇವತ್ತಿಗೂ ಸುಮಾರು ಐದು ಲಕ್ಷ ಚದರ ಕಿಲೋಮೀಟರ್ ಜಾಗ ಮುಚ್ಚಿದೆ. ಮಹಾರಾಷ್ಟ್ರದ ಬಹುಭಾಗ, ಗುಜರಾತ್ ಮತ್ತು ಮಧ್ಯಪ್ರದೇಶದ ದೊಡ್ಡ ಪಾಲು, ತೆಲಂಗಾಣದ ಒಂದು ಮೂಲೆ, ನಮ್ಮ ಬೆಳಗಾವಿ, ವಿಜಯಪುರ, ಕಲಬುರಗಿ, ಬೀದರ್ ಎಲ್ಲ ಅದರಲ್ಲೇ ಬರುತ್ತವೆ.

ಆ ಹೊತ್ತಿಗೆ ಭಾರತ ಈಗಿನ ಜಾಗದಲ್ಲಿ ಇರಲಿಲ್ಲ ಅನ್ನುವುದನ್ನೂ ಮಗಳಿಗೆ ಹೇಳಿ. ನಮ್ಮ ನೆಲ ಸಮಭಾಜಕ ರೇಖೆಯ ದಕ್ಷಿಣಕ್ಕೆ ಸಮುದ್ರದ ನಡುವೆ ಇತ್ತು, ಉತ್ತರಕ್ಕೆ ಸರಿಯುತ್ತಿತ್ತು. ಹಿಮಾಲಯ ಇನ್ನೂ ಹುಟ್ಟಿರಲಿಲ್ಲ. ಭೂಮಿಯ ಒಳಗಿಂದ ಬಿಸಿ ಏಳುವ ಒಂದು ಜಾಗದ ಮೇಲೆ ಭಾರತ ಹಾದುಹೋದಾಗ ಈ ಲಾವಾ ಉಕ್ಕಿತು ಎಂಬುದು ಬಹುಪಾಲು ಭೂವಿಜ್ಞಾನಿಗಳ ಮಾತು. ಆ ಬಿಸಿಯ ಜಾಗ ಈಗ ಹಿಂದೂ ಮಹಾಸಾಗರದ ರೆಯೂನಿಯನ್ ದ್ವೀಪದ ಕೆಳಗಿದೆ. ಅಲ್ಲಿ ಇವತ್ತೂ ಒಂದು ಜ್ವಾಲಾಮುಖಿ ಉರಿಯುತ್ತದೆ. ನಿಮ್ಮ ಬಾವಿಯ ಕಲ್ಲಿಗೆ ಜೀವಂತ ನೆಂಟ ಇದ್ದರೆ ಅದು ಅಲ್ಲಿ.

ಈಗ ಬಾಯಿ ಎಲ್ಲಿ ಎಂಬ ಪ್ರಶ್ನೆ. ಇದಕ್ಕೆ ಉತ್ತರ ಹುಡುಕಲು ಒಂದು ಸುಲಭ ದಾರಿಯಿದೆ. ಲಾವಾ ಎಲ್ಲಿ ದಪ್ಪ, ಎಲ್ಲಿ ತೆಳು ಅಂತ ನೋಡುವುದು. ಸಹ್ಯಾದ್ರಿಯಲ್ಲಿ ಪದರದ ಮೇಲೆ ಪದರ ಸೇರಿ ಕಿಲೋಮೀಟರ್‌ಗೂ ಮೀರಿದ ದಪ್ಪ. ಪೂರ್ವಕ್ಕೆ ಬಂದ ಹಾಗೆ ತೆಳುವಾಗುತ್ತದೆ. ನಮ್ಮ ಗಡಿಯ ಆಚೆ ಲಾತೂರ್ ಜಿಲ್ಲೆಯ ಕಿಲ್ಲಾರಿಯಲ್ಲಿ 1993ರ ಭೂಕಂಪದ ನಂತರ ಆಳಕ್ಕೆ ಕೊರೆದು ನೋಡಿದಾಗ ಸುಮಾರು 340 ಮೀಟರ್ ಲಾವಾ ಸಿಕ್ಕಿತು, ಅದರ ಕೆಳಗೆ ಹಳೆಯ ಬಂಡೆ. ಇನ್ನೂ ಪೂರ್ವಕ್ಕೆ, ದಕ್ಷಿಣಕ್ಕೆ ಬಂದು ಸೇಡಂ, ವಾಡಿ, ಶಹಾಬಾದ್ ಮುಟ್ಟುವಷ್ಟರಲ್ಲಿ ಲಾವಾ ಮುಗಿದೇ ಹೋಗುತ್ತದೆ. ಸುಣ್ಣದ ಕಲ್ಲು ಬಿಸಿಲಿಗೆ ಬಿದ್ದಿರುತ್ತದೆ. ಅಂದರೆ ಲಾವಾ ಬಂದದ್ದು ಪಶ್ಚಿಮದಿಂದ. ಅಲ್ಲಿ, ನಾಶಿಕ್-ಪುಣೆ ಸೀಮೆಯಲ್ಲಿ, ಕೊಂಕಣದ ಕರಾವಳಿಯಲ್ಲಿ, ನರ್ಮದಾ-ತಾಪಿ ನದಿಗಳ ಕಣಿವೆಯಲ್ಲಿ, ಲಾವಾ ಮೇಲೆ ಬಂದ ಬಿರುಕುಗಳು ಕಲ್ಲಿನ ಗೋಡೆಗಳ ಹಾಗೆ ಇವತ್ತಿಗೂ ಕಾಣುತ್ತವೆ. ಬಿರುಕಿನಲ್ಲಿ ಕೊನೆಗೆ ಉಳಿದ ಲಾವಾ ಅಲ್ಲೇ ತಣ್ಣಗಾಗಿ ಗೋಡೆಯಾಗಿದೆ. ಕೀನ್ಯಾ ಬೆಟ್ಟದ ತುದಿಯ ಬಂಡೆಗಳು ಅದಕ್ಕೆ ಹೇಗೋ, ಈ ಗೋಡೆಗಳು ನಮ್ಮ ಜ್ವಾಲಾಮುಖಿಗೆ ಹಾಗೆ. ಅವೇ ಅದರ ಗಂಟಲು.

ಅಷ್ಟು ದೂರದಿಂದ ಲಾವಾ ಹರಿದು ಬರುವುದು ಹೇಗೆ, ದಾರಿಯಲ್ಲೇ ತಣ್ಣಗಾಗುವುದಿಲ್ಲವಾ ಅಂತ ಅವಳು ಕೇಳಬಹುದು. ಕಾಸಿದ ಹಾಲು ಆರುವಾಗ ನೋಡಿ. ಮೇಲೆ ಕೆನೆ ಕಟ್ಟುತ್ತದೆ, ಕೆಳಗೆ ಹಾಲು ಬಿಸಿಯಾಗಿಯೇ ಇರುತ್ತದೆ. ಲಾವಾದ ಮೇಲೂ ಹೀಗೆ ಹೊರಪದರ ಕಟ್ಟುತ್ತದೆ. ಒಳಗಿನ ಲಾವಾ 1,100 ಡಿಗ್ರಿ ಆಸುಪಾಸಿನ ಬಿಸಿ ಉಳಿಸಿಕೊಂಡು ಮುಂದೆ ಹೋಗುತ್ತದೆ. ಕೆಲವು ಹರಿವುಗಳು ಹಳೆಯ ನದಿಗಳ ಪಾತ್ರ ಹಿಡಿದು ಆಂಧ್ರದ ರಾಜಮಂಡ್ರಿವರೆಗೆ ಹೋಗಿವೆ. ಬಂಗಾಳ ಕೊಲ್ಲಿಯ ಹತ್ತಿರ!

ಹಾಗಾಗಿ ನಿಮ್ಮ ಚಿಂಚೋಳಿ, ನಮ್ಮ ಕಲಬುರಗಿ ಎಲ್ಲ ಈ ಜ್ವಾಲಾಮುಖಿಯ ಸೆರಗಿನ ಅಂಚು. ನನಗೆ ಈ ಅಂಚೇ ಇಷ್ಟ. ಪುಣೆಯಲ್ಲಿ ಎಷ್ಟು ಅಗೆದರೂ ಕರಿಕಲ್ಲಿನ ಕೆಳಗೆ ಕರಿಕಲ್ಲೇ. ಸೀರೆಯ ಅಂಚು ಎತ್ತಿದರೆ ಒಳಗೇನಿದೆ ಕಾಣುತ್ತದಲ್ಲ, ಹಾಗೆ ನಮ್ಮಲ್ಲಿ ಲಾವಾ ಬರುವ ಮೊದಲು ನೆಲ ಹೇಗಿತ್ತು, ಲಾವಾ ಬಂದಾಗ ಏನಾಯಿತು, ಹೋದ ಮೇಲೆ ಏನಾಯಿತು, ಮೂರೂ ಕಾಣುತ್ತವೆ.

ಅದನ್ನು ನಿಮ್ಮ ಬಾವಿಯಲ್ಲೇ ಓದೋಣ.

ಎಲ್ಲಕ್ಕಿಂತ ಮೇಲಿನ ಎರೆಮಣ್ಣು ಎಲ್ಲಿಂದಲೋ ಬಂದದ್ದಲ್ಲ. ಕೆಳಗಿನ ಕರಿಕಲ್ಲೇ ಕೊಳೆತು ಮಣ್ಣಾದದ್ದು. ಬೇಸಿಗೆಯಲ್ಲಿ ಕಾಲು ಹೋಗುವಷ್ಟು ಬಿರುಕು ಬಿಡುತ್ತದೆ, ಮಳೆ ಬಿದ್ದರೆ ಉಬ್ಬಿ ಮುಚ್ಚಿಕೊಳ್ಳುತ್ತದೆ. ನೀರು ಕುಡಿದು ಹಿಗ್ಗುವ ಒಂದು ಬಗೆಯ ಜೇಡಿ ಅದರಲ್ಲಿದೆ. ಮಳೆ ನಿಂತ ಮೇಲೂ ಎಷ್ಟೋ ದಿನ ಒಳಗೆ ಹಸಿ ಇಟ್ಟುಕೊಳ್ಳುತ್ತದೆ. ತೊಗರಿಯ ಬೇರು ಆಳಕ್ಕೆ ಇಳಿದು ಆ ಹಸಿ ಹುಡುಕಿಕೊಳ್ಳುತ್ತದೆ. ಹಿಂಗಾರಿ ಜೋಳ ಬರೀ ಆ ಹಸಿ ಮತ್ತು ಇಬ್ಬನಿಯ ಮೇಲೆ ಬೆಳೆಯುತ್ತದೆ. ಕಲಬುರಗಿ ತೊಗರಿಗೆ ಭೌಗೋಳಿಕ ಗುರುತು ಸಿಕ್ಕಿದೆ. ಆ ರುಚಿಯಲ್ಲಿ ಹಳೆಯ ಲಾವಾದ ಸುಣ್ಣದ ಪಾಲೂ ಇದೆ ಅಂತ ನಾನು ನಂಬುತ್ತೇನೆ.

ಎರೆಯ ಕೆಳಗಿನ ಮೊರಂ ಅಂದರೆ ಅರ್ಧ ಕೊಳೆತ ಕಲ್ಲು. ಅದರಲ್ಲಿ ದುಂಡು ದುಂಡಾದ ಗುಂಡುಗಳು ಬಂದಿರಬೇಕು, ಮೇಲಿನ ಸಿಪ್ಪೆ ಉಳ್ಳಾಗಡ್ಡಿಯ ಹಾಗೆ ಬಿಡಿಸಿ ಬರುತ್ತದೆ. ಆ ಗುಂಡುಗಳನ್ನು ಯಾರೂ ಕಡೆದಿಲ್ಲ, ಯಾವ ಹೊಳೆಯೂ ಉರುಳಿಸಿಲ್ಲ. ಲಾವಾ ತಣ್ಣಗಾಗುವಾಗ ಕುಗ್ಗಿ ಚೌಕ ಚೌಕವಾಗಿ ಬಿರಿಯುತ್ತದೆ. ಬಿರುಕಿನೊಳಗೆ ನೀರು ಇಳಿದು ಕಲ್ಲನ್ನು ತಿನ್ನುತ್ತದೆ. ಮೂಲೆಗಳಿಗೆ ಎರಡು ಮೂರು ಕಡೆಯಿಂದ ನೀರು ತಾಗುವುದರಿಂದ ಮೂಲೆ ಮೊದಲು ಸವೆಯುತ್ತದೆ. ಕೊನೆಗೆ ನಡುವೆ ಒಂದು ಗುಂಡು ಉಳಿಯುತ್ತದೆ.

ಆಮೇಲೆ ಗಟ್ಟಿ ಕರಿಕಲ್ಲು. ಪ್ರತಿ ಹರಿವಿನ ಮೇಲ್ಭಾಗ ತೂತು ತೂತಾಗಿರುತ್ತದೆ, ನಡುಭಾಗ ಗಟ್ಟಿಯಾಗಿರುತ್ತದೆ. ಲಾವಾದೊಳಗಿನ ಗಾಳಿ ಗುಳ್ಳೆಯಾಗಿ ಮೇಲೆ ಏಳುತ್ತದೆ. ಅಂಬಲಿ ಕುದಿಯುವಾಗ ಗುಳ್ಳೆ ಏಳುತ್ತದಲ್ಲ, ಹಾಗೆ. ಅಷ್ಟರಲ್ಲಿ ಮೇಲ್ಭಾಗ ಹೆಪ್ಪುಗಟ್ಟಿದರೆ ಗುಳ್ಳೆಯ ಜಾಗ ತೂತಾಗಿ ಉಳಿಯುತ್ತದೆ. ನಿಮ್ಮ ಮಗಳ ಹರಳುಗಳು ಕೂತಿದ್ದು ಈ ತೂತುಗಳಲ್ಲಿ.

ಇನ್ನು ಕೆಂಪು ಪಟ್ಟಿ. ಬಾವಿ ತೋಡುವವರು ಇದನ್ನು ಸುಮ್ನೆ ಅಗೆದು ಎಸೆದುಬಿಡುತ್ತಾರೆ. ನನಗೆ ಬಾವಿಯಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು ಅದೇ. ಕೆಳಗಿನ ಲಾವಾ ಬಂದು ತಣ್ಣಗಾದ ಮೇಲೆ ಮೇಲಿನ ಲಾವಾ ಬರುವ ಮುಂಚೆ ಬಿಡುವು ಇತ್ತು ಅಂತ ಆ ಪಟ್ಟಿ ಹೇಳುತ್ತದೆ. ಆ ಬಿಡುವಿನಲ್ಲಿ ಮಳೆ ಬಂತು, ಬಿಸಿಲು ಬಿತ್ತು, ಕಲ್ಲು ಕೊಳೆತು ಮಣ್ಣಾಯಿತು. ಕೆಲವು ಕಡೆ ಜ್ವಾಲಾಮುಖಿಯ ಬೂದಿಯೂ ಬಂದು ಸೇರಿದೆ. ಆಮೇಲೆ ಹೊಸ ಲಾವಾ ಮೇಲೆ ಹರಿದು ಆ ಮಣ್ಣನ್ನು ಇಟ್ಟಿಗೆಯ ಹಾಗೆ ಸುಟ್ಟಿತು. ನೀವು 30 ಅಡಿ ಕೆಳಗೆ ನೋಡಿದ್ದು ಒಂದು ಹಳೆಯ ನೆಲ. ಡೈನೋಸಾರ್‌ಗಳ ಕೊನೆಗಾಲದ ನೆಲ.

ಬಿಡುವು ಉದ್ದವಾಗಿದ್ದ ಕಡೆ ಕೆರೆಗಳೂ ಹುಟ್ಟಿದ್ದವು. ನಿಮ್ಮ ಪಕ್ಕದ ಸೇಡಂ ತಾಲ್ಲೂಕಿನ ಯಾನಾಗುಂದಿ, ಯಾದಗಿರಿ ಜಿಲ್ಲೆಯ ಗುರುಮಠಕಲ್ ಕಡೆ ಎರಡು ಲಾವಾಗಳ ನಡುವೆ ಅಂಥ ಕೆರೆಗಳ ಕೆಸರು ಕಲ್ಲಾಗಿ ಉಳಿದಿದೆ. ಅದರಲ್ಲಿ ಸಿಹಿನೀರಿನ ಸಣ್ಣ ಜೀವಿಗಳ ಚಿಪ್ಪುಗಳಿವೆ, ಸಾಸಿವೆಕಾಳಿಗಿಂತ ಚಿಕ್ಕವು. ಅವುಗಳಿಗಾಗಿ ದೂರದೂರದ ವಿಜ್ಞಾನಿಗಳು ಇಲ್ಲಿಗೆ ಬಂದು ಕೂತು ಮಣ್ಣು ಜರಡಿ ಹಿಡಿದಿದ್ದಾರೆ. ಬೆಂಕಿಯ ಹೊಳೆ ಹರಿದುಹೋದ ನೆಲದ ಮೇಲೆ ಕೆರೆ ತುಂಬಿ, ಅದರಲ್ಲಿ ಮತ್ತೆ ಜೀವ ಓಡಾಡಿತ್ತು. ಮೇಲೆ ಮತ್ತೆ ಲಾವಾ ಬಂದು ಮುಚ್ಚಿತು. ಈ ಮಾತನ್ನು ಎಷ್ಟು ಸಲ ಪಾಠ ಮಾಡಿದರೂ ನನಗೆ ಮೈ ಜುಮ್ಮೆನ್ನುತ್ತದೆ.

ಕೆಂಪು ಪಟ್ಟಿಗೆ ಇನ್ನೊಂದು ಉಪಯೋಗವಿದೆ, ರೈತರಾದ ನಿಮಗೆ ಅದೇ ಮುಖ್ಯ. ಅದು ಜೇಡಿ, ನೀರನ್ನು ಕೆಳಗೆ ಬಿಡುವುದಿಲ್ಲ. ಮೇಲಿನ ಕಲ್ಲಿನ ಬಿರುಕುಗಳಲ್ಲಿ ಇಳಿದ ನೀರು ಪಟ್ಟಿಯ ಮೇಲೆ ನಿಂತು ಅಡ್ಡಕ್ಕೆ ಸರಿಯುತ್ತದೆ. ನಿಮ್ಮ ಬಾವಿಯಲ್ಲಿ ಸೆಲೆ ಒಡೆದದ್ದು ಎಲ್ಲಿ ಅಂತ ನೋಡಿ, ಬಹುಶಃ ಪಟ್ಟಿಯ ಸ್ವಲ್ಪ ಮೇಲೆಯೇ ಇರುತ್ತದೆ. ಕರಿಕಲ್ಲಿನ ಗಟ್ಟಿ ಭಾಗದಲ್ಲಿ ನೀರು ನಿಲ್ಲಲು ಜಾಗವೇ ಇಲ್ಲ. ಅದಕ್ಕೇ ಒಂದು ಹೊಲದ ಬೋರಿಗೆ ನೀರು ಬಂದು ಪಕ್ಕದ ಹೊಲದ ಬೋರು ಒಣ ಹೋಗುತ್ತದೆ.

ಹಾಗಾದರೆ ನಮ್ಮಲ್ಲಿ ಸವೆತ ಎಲ್ಲಿ ಕಾಣುತ್ತದೆ? ಅದಕ್ಕೆ ಮಗಳನ್ನು ಬೀದರಿಗೆ ಕರೆದುಕೊಂಡು ಹೋಗಿ. ಬೀದರ್ ಕೋಟೆ ಇರುವುದು ಮೇಜಿನಂಥ ದಿನ್ನೆಯ ಮೇಲೆ, 600 ಮೀಟರ್‌ಗಿಂತ ಎತ್ತರದಲ್ಲಿ. ಅಂಚಿಗೆ ನಿಂತರೆ ನೆಲ ಒಮ್ಮೆಗೇ ಕೆಳಗಿಳಿದು ಮಾಂಜ್ರಾ ನದಿಯ ಬಯಲು ಕಾಣುತ್ತದೆ. ಕಾಲ ಕೆಳಗೆ ಕರಿಕಲ್ಲು ಇಲ್ಲ, ಕೆಂಪು ಕಲ್ಲು. ಜಂಬಿಟ್ಟಿಗೆ. ಇದೂ ಲಾವಾದಿಂದಲೇ ಆದದ್ದು. ಲಾವಾ ನಿಂತ ಮೇಲೆ ಎಷ್ಟೋ ಕಾಲ ಇಲ್ಲಿ ಬಿಸಿ ಹವೆ, ಜೋರು ಮಳೆ ಇತ್ತು. ಮಳೆನೀರು ಕರಿಕಲ್ಲಿನಲ್ಲಿದ್ದ ಸುಣ್ಣ, ಮೆಗ್ನೀಷಿಯಂ, ಸಿಲಿಕಾ ಎಲ್ಲವನ್ನೂ ತೊಳೆದುಕೊಂಡು ಹೋಯಿತು. ಕರಗದ ಕಬ್ಬಿಣ, ಅಲ್ಯೂಮಿನಿಯಂ ಉಳಿದು ತುಕ್ಕು ಹಿಡಿದ ಕೆಂಪು ಹೊದಿಕೆಯಾಯಿತು. ನೆಲದೊಳಗೆ ಇರುವಾಗ ಇದನ್ನು ಕೊಡಲಿಯಿಂದ ಕಡಿಯಬಹುದು. ಗಾಳಿ ಬಿಸಿಲಿಗೆ ಬಂದರೆ ಗಟ್ಟಿಯಾಗುತ್ತದೆ. ಫ್ರಾನ್ಸಿಸ್ ಬುಕಾನನ್ ಎಂಬ ಬ್ರಿಟಿಷ್ ವೈದ್ಯ ಕೇರಳದಲ್ಲಿ ಇಂಥ ಕಲ್ಲು ನೋಡಿ, 1807ರಲ್ಲಿ ಅಚ್ಚಾದ ತನ್ನ ಪುಸ್ತಕದಲ್ಲಿ ಲ್ಯಾಟರೈಟ್ ಅಂತ ಹೆಸರಿಟ್ಟ. ಲ್ಯಾಟಿನ್‌ನಲ್ಲಿ ಲ್ಯಾಟರ್ ಅಂದರೆ ಇಟ್ಟಿಗೆ. ನಮ್ಮ ಜನ ಇಟ್ಟ ಜಂಬಿಟ್ಟಿಗೆ ಎಂಬ ಹೆಸರಿನಲ್ಲೂ ಇಟ್ಟಿಗೆ ಇದೆ ನೋಡಿ.

ಈ ಹೊದಿಕೆ ಒಂದು ಕಾಲದಲ್ಲಿ ಬಹಳ ದೂರ ಹರಡಿತ್ತು. ನದಿಗಳು ಅದನ್ನು ಅಲ್ಲಲ್ಲಿ ಕತ್ತರಿಸಿದವು. ಹೊದಿಕೆ ಹೋದ ಕಡೆ ಕೆಳಗಿನ ಲಾವಾ ಬೇಗ ಸವೆದು ಬಯಲಾಯಿತು. ಹೊದಿಕೆ ಉಳಿದ ಕಡೆ ಬೀದರಿನಂಥ ದಿನ್ನೆ ಉಳಿಯಿತು. ಕೀನ್ಯಾದಲ್ಲಿ ಉಳಿದದ್ದು ಗಂಟಲು, ನಮ್ಮಲ್ಲಿ ಉಳಿದದ್ದು ಚಪ್ಪರ. "ನಮ್ಮ ಬೆಟ್ಟ ಎಲ್ಲಿ" ಅಂತ ಕೇಳುವ ಮಗಳಿಗೆ ತೋರಿಸಲು ಇದಕ್ಕಿಂತ ಒಳ್ಳೆಯ ಜಾಗ ನನಗೆ ಗೊತ್ತಿಲ್ಲ.

ಬೀದರಿನ ನೀರೂ ಇದೇ ಕಥೆ ಹೇಳುತ್ತದೆ. ಜಂಬಿಟ್ಟಿಗೆ ಸ್ಪಂಜಿನ ಹಾಗೆ ತೂತು ತೂತು. ಮಳೆ ಸರ್ರನೆ ಒಳಗೆ ಇಳಿಯುತ್ತದೆ. ಕೆಳಗಿನ ಕರಿಕಲ್ಲು ತಡೆಯುತ್ತದೆ. ಎರಡೂ ಕೂಡುವ ಕಡೆ, ದಿನ್ನೆಯ ಬದಿಯಲ್ಲಿ ಝರಿಗಳು ಒಡೆಯುತ್ತವೆ. ನಾನಕ್ ಝೀರಾದ ಸಿಹಿನೀರು ಬಂಡೆಯಿಂದ ಬರುವುದನ್ನು ನೀವು ನೋಡಿರಬಹುದು. ಝರಣಿ ನರಸಿಂಹ ಗುಹೆಯಲ್ಲಿ ಭಕ್ತರು ಎದೆಮಟ್ಟದ ನೀರಲ್ಲಿ ನಡೆದು ದೇವರ ದರ್ಶನ ಮಾಡುತ್ತಾರೆ. ಬಹಮನಿ ಸುಲ್ತಾನರ ಕಾಲದ ನೌಬಾದ್ ಸುರಂಗ ಬಾವಿ ತೋಡಿದವರು ಇದನ್ನು ಚೆನ್ನಾಗಿ ಅರಿತಿದ್ದರು. ನೆಲದ ಕೆಳಗೆ ಇಳಿಜಾರಾಗಿ ಸುರಂಗ ಕೊರೆದು, ಮೇಲಿಂದ ಅಲ್ಲಲ್ಲಿ ಗಾಳಿಬಾವಿ ಇಳಿಸಿ, ಎತ್ತಿಲ್ಲದೆ ಕಪಿಲೆ ಇಲ್ಲದೆ ನೀರು ತಾನಾಗಿ ಹರಿಯುವ ಹಾಗೆ ಮಾಡಿದರು. ಮೆತ್ತಗಿನ ಜಂಬಿಟ್ಟಿಗೆ ಇದ್ದದ್ದರಿಂದ ಕೊರೆಯುವುದು ಸಾಧ್ಯವಾಯಿತು. ಕೋಟೆಯ ಮೂರು ಸಾಲಿನ ಕಂದಕವನ್ನೂ ಇದೇ ಕಲ್ಲಿನಲ್ಲಿ ಕಡಿದಿದ್ದಾರೆ. ಹೋದಾಗ ಕಂದಕದ ಗೋಡೆಗೆ ಕೈಯಿಟ್ಟು ನೋಡಿ, ತೂತುಗಳು ಕೈಗೆ ಸಿಗುತ್ತವೆ.

ಒಂದು ದಿನ ಜಾಸ್ತಿ ಸಿಕ್ಕರೆ ಯಾದಗಿರಿಯಿಂದ ಹೊರಟು ಬೀದರಿಗೆ ರೈಲಿನಲ್ಲಿ ಹೋಗಿ, ಕಲಬುರಗಿಯಲ್ಲಿ ಗಾಡಿ ಬದಲಿಸಿಕೊಂಡು. ಕಿಟಕಿ ಪಕ್ಕ ಮಗಳನ್ನು ಕೂರಿಸಿ. ಯಾದಗಿರಿ ಕೋಟೆಯ ಬೆಟ್ಟ, ಆ ಕಡೆ ಶಹಾಪುರದ ಮಲಗಿದ ಬುದ್ಧನ ಬೆಟ್ಟ, ಎಲ್ಲ ಗ್ರಾನೈಟ್ ಜಾತಿಯ ಕಲ್ಲು. ಸುಮಾರು 250 ಕೋಟಿ ವರ್ಷ ಹಳೆಯದು. ವಾಡಿ, ಶಹಾಬಾದ್ ಬಂತು ಅಂದರೆ ಫರ್ಸಿ ಕಲ್ಲಿನ ಗಣಿಗಳು, ಸಿಮೆಂಟ್ ಕಾರ್ಖಾನೆಗಳು. ಅದು ಹಳೆಯ ಸಮುದ್ರದ ತಳ, 50 ಕೋಟಿ ವರ್ಷಕ್ಕೂ ಹಿಂದಿನದು. ಕಲಬುರಗಿಗೆ ಬರುವಷ್ಟರಲ್ಲಿ ಎರೆ ಹೊಲ, ಅಂದರೆ ಲಾವಾ ಶುರು. ಅಲ್ಲಿಂದ ಬೀದರ್ ದಾರಿಯಲ್ಲಿ ಮರಗುತ್ತಿಯ ಸುರಂಗ ದಾಟಿ ಮೇಲೆ ಹೋದ ಹಾಗೆ ಕೆಂಪು ಮಣ್ಣು. ಒಂದೇ ದಿನದಲ್ಲಿ ಕೆಳಗಿನ ಕಲ್ಲಿನಿಂದ ಮೇಲಿನ ಕಲ್ಲಿಗೆ ಹತ್ತಿದ ಹಾಗಾಯಿತು.

ಈಗ ನಿಮ್ಮ ಭಯದ ಮಾತು. 2021ರಲ್ಲಿ ನಿಮ್ಮ ತಾಲ್ಲೂಕಿನ ಗಡಿಕೇಶ್ವರ ಕಡೆ ಭೂಮಿ ನಡುಗಿ, ಒಳಗಿಂದ ಸದ್ದು ಬಂದು, ಜನ ರಾತ್ರಿ ಮನೆ ಹೊರಗೆ ಮಲಗಿದ್ದು ನನಗೆ ನೆನಪಿದೆ. ಅದಕ್ಕೂ ಲಾವಾಗೂ ಸಂಬಂಧ ಇಲ್ಲ. ದಖ್ಖನ್ ಲಾವಾ ತಣ್ಣಗಾಗಿ ಕೋಟಿಗಟ್ಟಲೆ ವರ್ಷವಾಯಿತು, ಅದಕ್ಕೆ ಬೆಂಕಿ ಕೊಟ್ಟ ಜಾಗ ಸಾವಿರಾರು ಕಿಲೋಮೀಟರ್ ದಕ್ಷಿಣಕ್ಕೆ ಉಳಿಯಿತು. ಅದು ಮತ್ತೆ ಏಳುವುದಿಲ್ಲ. ನಡುಗುವುದು ಲಾವಾದ ಕೆಳಗಿನ ಹಳೆಯ ಬಂಡೆ. ಭಾರತ ಇವತ್ತಿಗೂ ಉತ್ತರಕ್ಕೆ ತಳ್ಳುತ್ತಿದೆ. ಆ ಒತ್ತಡ ಹಳೆಯ ಬಿರುಕುಗಳಲ್ಲಿ ಸೇರಿ ಒಮ್ಮೊಮ್ಮೆ ಜಾರುತ್ತದೆ. ಮಳೆಗಾಲದ ನೀರು ಆಳಕ್ಕೆ ಇಳಿದಾಗ ಸಣ್ಣ ಕಂಪನಗಳಿಗೆ ಅದೂ ಸೇರಿಕೊಳ್ಳಬಹುದು. ಜ್ವಾಲಾಮುಖಿಯ ಹೆದರಿಕೆ ಬಿಡಿ, ಆದರೆ ನಡುಕವನ್ನು ಹಗುರವಾಗಿ ತಗೋಬೇಡಿ. 1993ರ ಸೆಪ್ಟೆಂಬರ್ 30ರ ಬೆಳಗಿನ ಜಾವ ಕಿಲ್ಲಾರಿಯಲ್ಲಿ ಸುಮಾರು ಹತ್ತು ಸಾವಿರ ಜನ ಸತ್ತರು. ಮಣ್ಣಿನಲ್ಲಿ ಕೂಡಿಸಿದ ದಪ್ಪ ಕಲ್ಲಿನ ಗೋಡೆ, ಅದರ ಮೇಲೆ ಭಾರದ ಮಣ್ಣಿನ ಮಾಳಿಗೆ. ಮಲಗಿದ್ದವರ ಮೇಲೆ ಅದೇ ಬಿತ್ತು. ನಮ್ಮ ಹಳ್ಳಿಗಳಲ್ಲಿ ಇನ್ನೂ ಅಂಥ ಮನೆಗಳಿವೆ. ನಿಮ್ಮದೂ ಹಾಗಿದ್ದರೆ ಮಾಳಿಗೆಯ ಮಣ್ಣಿನ ಭಾರ ಇಳಿಸಿ, ಗೋಡೆಗಳನ್ನು ಸುತ್ತಲೂ ಕಟ್ಟುವ ಕಾಂಕ್ರೀಟ್ ಪಟ್ಟಿ ಹಾಕಿಸಿ. ಮಲಗುವ ಕೋಣೆಯಿಂದ ಶುರು ಮಾಡಿ.

ಕೊನೆಗೆ ಡಬ್ಬಿಯ ಹರಳುಗಳು. ಲಾವಾ ಆರಿದ ಮೇಲೆ ತೂತುಗಳಲ್ಲಿ ಖನಿಜ ತುಂಬಿದ ನೀರು ಹರಿದು, ನಿಧಾನವಾಗಿ ಹೆಪ್ಪುಗಟ್ಟಿದವು ಅವು. ಸಾಮಾನ್ಯವಾಗಿ ಮೂರು ಜಾತಿ ಸಿಗುತ್ತವೆ. ಮಗಳೇ ಪರೀಕ್ಷೆ ಮಾಡಬಹುದು. ಹರಳಿನಿಂದ ಗಾಜಿನ ಚೂರಿನ ಮೇಲೆ ಗೀಚಲಿ. ಗೀರು ಬಿದ್ದರೆ ಸ್ಫಟಿಕ, ಅಥವಾ ಅದೇ ಜಾತಿಯ ಪಟ್ಟೆ ಪಟ್ಟೆ ಕಲ್ಲು ಅಗೇಟ್. ಬೀಳದಿದ್ದರೆ ಹರಳಿನ ಸ್ವಲ್ಪ ಭಾಗ ಪುಡಿ ಮಾಡಿ ಅದರ ಮೇಲೆ ವಿನೆಗರ್ ಹನಿ ಬಿಡಲಿ. ನೊರೆ ಎದ್ದರೆ ಕ್ಯಾಲ್ಸೈಟ್, ಸುಣ್ಣದ ಹರಳು. ಗಾಜಿಗೂ ಗೀರು ಹಾಕದೆ ನೊರೆಯೂ ಬರದೆ, ಸೂಜಿಯ ಹಾಗೆ ಅಥವಾ ಬೀಸಣಿಗೆಯ ಹಾಗೆ ಹರಡಿದ್ದರೆ ಅದು ಜಿಯೋಲೈಟ್ ಇರಬಹುದು. ಪುಣೆ, ಜಳಗಾಂವ್ ಕಡೆಯ ಜಿಯೋಲೈಟ್‌ಗಳು ಲೋಕದ ಮ್ಯೂಸಿಯಂಗಳಲ್ಲಿವೆ. ಮಾರಿದರೆ ನಿಮ್ಮ ಹರಳುಗಳಿಗೆ ದೊಡ್ಡ ಬೆಲೆ ಬರುವುದಿಲ್ಲ. ಪರೀಕ್ಷೆ ಮಾಡುವಾಗ ಗಾಜನ್ನು ಬಟ್ಟೆಯಲ್ಲಿ ಹಿಡಿಯಲಿ, ನೀವು ಪಕ್ಕದಲ್ಲಿ ಇರಿ. ಇನ್ನು ಮೇಲೆ ಹರಳು ಆರಿಸುವಾಗ ಅದು ಎಷ್ಟು ಅಡಿಯಿಂದ ಬಂತು, ಕೆಂಪು ಪಟ್ಟಿಯ ಮೇಲಿನದ್ದಾ ಕೆಳಗಿನದ್ದಾ ಅಂತ ಒಂದು ಚೀಟಿಯಲ್ಲಿ ಬರೆದು ಅದರ ಜೊತೆಗೇ ಡಬ್ಬಿಯಲ್ಲಿ ಇಡಲಿ. ಮುಂದಿನ ಬೇಸಿಗೆಯಲ್ಲಿ ಬಾವಿಯ ನೀರು ಇಳಿದಾಗ ಕೆಂಪು ಪಟ್ಟಿಯ ಒಂದು ಹಿಡಿ ಮಣ್ಣನ್ನೂ ತೆಗೆದಿಡಿ. ನಾನು ಆ ಕಡೆ ಬಂದಾಗ ನಿಮ್ಮ ಮಗಳೂ ನಾನೂ ಕೂತು ನೋಡುತ್ತೇವೆ.